ಮಧ್ಯಯುಗದ ಯೂರೋಪಿನಲ್ಲಿ ಕ್ರೈಸ್ತ ಸಂಸ್ಕಾರಗಳು: ಅಧಿಕಾರವೂ ಹಕ್ಕೂ

ಮಧ್ಯಯುಗದ ಯೂರೋಪಿನ ಚರಿತ್ರೆಯನ್ನು ವ್ಯಾಸಂಗ ಮಾಡುವ ನಮ್ಮ ವಿದ್ಯಾರ್ಥಿಗಳು ಪೋಪರಿಗೂ ಚಕ್ರವರ್ತಿಗಳಿಗೂ ನಡೆದ ಕಲಹವನ್ನು, ಊಳಿಗಮಾನ್ಯ ಪದ್ಧತಿಯನ್ನು, ಧರ್ಮಯುದ್ಧಗಳನ್ನು ಚೆನ್ನಾಗಿ ಬಲ್ಲರು. ಆದರೆ ಅಂದಿನ ಒಬ್ಬ ರೈತನಾಗಲಿ, ನೇಕಾರನಾಗಲಿ, ಆತನ ಹೆಂಡತಿಯಾಗಲಿ ಚರ್ಚೆಂಬ ಮಹಾಸಂಸ್ಥೆಯನ್ನು ಕಂಡುದು ಪೋಪನ ಆಜ್ಞಾಪತ್ರಗಳಲ್ಲಲ್ಲ. ಮಗು ಹುಟ್ಟಿದಾಗ, ಮದುವೆ ನಡೆದಾಗ, ವರ್ಷಕ್ಕೊಮ್ಮೆ ಪಾಪವನ್ನು ಹೇಳಿಕೊಂಡಾಗ, ಮರಣಶಯ್ಯೆಯ ಬಳಿಗೆ ಪಾದ್ರಿ ಎಣ್ಣೆಯ ಭರಣಿಯನ್ನು ಹಿಡಿದು ಬಂದಾಗ. ಈ ಸಂದರ್ಭಗಳಲ್ಲಿ ನಡೆಯುತ್ತಿದ್ದ ಕ್ರಿಯೆಗಳೇ ಸಂಸ್ಕಾರಗಳು. ಇವು ಸಮಾಜದಲ್ಲಿ ಯಾವ ಕೆಲಸವನ್ನು ಮಾಡಿದುವು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪ್ರಶ್ನೆಗೆ ವಿದ್ವಾಂಸರು ಪರಸ್ಪರ ವಿರುದ್ಧವಾದ ಎರಡು ಬಗೆಯ ಉತ್ತರಗಳನ್ನು ಕೊಟ್ಟಿದ್ದಾರೆ. ಅಮೆರಿಕದ ಹೆನ್ರಿ ಚಾರ್ಲ್ಸ್ ಲೀ ೧೮೯೬ರಲ್ಲಿ ಪಾಪನಿವೇದನೆಯ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದನು. ಜನರ ಅಂತಃಕರಣದ ಮೇಲೆ ಪಾದ್ರಿವರ್ಗವು ಪಡೆದುಕೊಂಡ ಪ್ರಭುತ್ವದ ಬುಡ ಅಲ್ಲಿದೆ ಎಂಬುದು ಆತನ ದೃಷ್ಟಿ. ಇದಕ್ಕೆ ಎದುರಾಗಿ ಏಮನ್ ಡಫಿ ೧೯೯೨ರ ತನ್ನ ಗ್ರಂಥದಲ್ಲಿ, ಮಧ್ಯಯುಗದ ಕೊನೆಯ ಇಂಗ್ಲೆಂಡಿನಲ್ಲಿ ಈ ಆಚರಣೆಗಳು ಮೇಲಿನಿಂದ ಹೇರಿದ ಹೊರೆಯಾಗಿರದೆ, ಜನರೇ ಪ್ರೀತಿಯಿಂದ ನಡೆಸಿಕೊಂಡು ಬಂದ ಜೀವಂತ ಧರ್ಮವಾಗಿದ್ದುವೆಂದು ತೋರಿಸಿದನು. ಇವೆರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡರಲ್ಲಿಯೂ ಸಾಕಷ್ಟು ಬೆಳಕಿಗೆ ಬಾರದ ಒಂದು ಸಂಗತಿಯುಂಟು. ಸಂಸ್ಕಾರಗಳ ಸಿದ್ಧಾಂತವು ಜನಸಾಮಾನ್ಯರನ್ನು ಕಟ್ಟಿಹಾಕಿದಂತೆಯೇ ಚರ್ಚನ್ನೂ ಕಟ್ಟಿಹಾಕಿತು. ಅದರ ಫಲವಾಗಿ, ಬೇರಾವ ಬಲವೂ ಇಲ್ಲದವರ ಕೈಗೆ ಕೆಲವು ಹಕ್ಕುಗಳು ಬಂದುವು. ಮುಂದಿನ ಪುಟಗಳಲ್ಲಿ ಈ ಮಾತನ್ನು ಸಮರ್ಥಿಸಲು ಯತ್ನಿಸಲಾಗಿದೆ.

೧. ಸಂಸ್ಕಾರದ ಕಲ್ಪನೆ

ಲ್ಯಾಟಿನ್ನಿನ ‘ಸಾಕ್ರಮೆಂಟುಮ್’ ಎಂಬ ಪದಕ್ಕೆ ರೋಮನರಲ್ಲಿ ಸೈನಿಕನು ಸ್ವೀಕರಿಸುವ ಪ್ರತಿಜ್ಞೆ ಎಂಬ ಅರ್ಥವಿತ್ತು. ಕ್ರೈಸ್ತ ಲೇಖಕರು ಅದನ್ನು ಪವಿತ್ರವಾದ ಚಿಹ್ನೆ ಎಂಬ ಅರ್ಥದಲ್ಲಿ ಬಳಸಿದರು. ಕನ್ನಡದಲ್ಲಿ ‘ಸಂಸ್ಕಾರ’ ಎಂಬ ಮಾತು ಇದಕ್ಕೆ ರೂಢವಾಗಿದೆ. ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗಿನ ಷೋಡಶ ಸಂಸ್ಕಾರಗಳನ್ನು ಬಲ್ಲ ನಮಗೆ ಈ ಮಾತು ಸಹಜವಾಗಿಯೇ ತೋರುತ್ತದೆ. ಎರಡೂ ಜೀವಿತದ ಘಟ್ಟಗಳನ್ನು ಪವಿತ್ರಗೊಳಿಸುತ್ತವೆ. ಆದರೆ ಒಂದು ಭೇದವನ್ನು ಮರೆಯಬಾರದು. ಕ್ರೈಸ್ತ ಸಂಸ್ಕಾರವು ಚಿಹ್ನೆ ಮಾತ್ರವಲ್ಲ. ಅದು ಸೂಚಿಸುವ ದೈವಾನುಗ್ರಹವನ್ನು ತಾನೇ ಉಂಟುಮಾಡುತ್ತದೆಂಬುದು ಮಧ್ಯಯುಗದ ನಂಬಿಕೆ.

ಹಾಗಾದರೆ ಸಂಸ್ಕಾರವನ್ನು ಕೊಡುವ ಪಾದ್ರಿ ಪಾಪಿಯಾಗಿದ್ದರೆ ಏನಾಗಬೇಕು? ಈ ಪ್ರಶ್ನೆ ನಾಲ್ಕನೆಯ ಶತಮಾನದಲ್ಲಿಯೇ ಉತ್ತರ ಆಫ್ರಿಕದಲ್ಲಿ ಎದ್ದಿತು. ಡಯೊಕ್ಲೀಷಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿ ಜೀವವುಳಿಸಿಕೊಂಡ ಪಾದ್ರಿಗಳು ಕೊಟ್ಟ ಸಂಸ್ಕಾರ ಸಲ್ಲದೆಂದು ಡೊನಾಟಿಸ್ಟರು ವಾದಿಸಿದರು. ಸಂತ ಆಗಸ್ಟಿನ್ (೩೫೪–೪೩೦) ಇದನ್ನು ಖಂಡಿಸಿದನು. ನಿಜವಾಗಿ ಕೊಡುವವನು ಕ್ರಿಸ್ತನೇ ಹೊರತು ಪಾದ್ರಿಯಲ್ಲ. ಆದುದರಿಂದ ಪಾದ್ರಿಯ ದೋಷವು ಸಂಸ್ಕಾರವನ್ನು ಕೆಡಿಸಲಾರದು ಎಂಬುದು ಆತನ ನಿಲುವು. ಈ ನಿಲುವು ಪಾದ್ರಿಗೆ ರಕ್ಷಣೆಯನ್ನು ಒದಗಿಸಿತೆಂಬುದು ನಿಜ. ಆದರೆ ಅದೇ ವೇಳೆಗೆ ಅದು ಪಾದ್ರಿಯ ವ್ಯಕ್ತಿತ್ವವನ್ನು ಗೌಣವಾಗಿಸಿತು ಎಂಬುದನ್ನೂ ಗಮನಿಸಬೇಕು. ಕ್ರಿಯೆಯ ಬಲ ಕ್ರಿಯೆಯಲ್ಲಿಯೇ ಇದ್ದರೆ, ಅಗತ್ಯ ಬಿದ್ದಾಗ ಬೇರೊಬ್ಬರು ಅದನ್ನು ನೆರವೇರಿಸಬಹುದೆಂಬ ತರ್ಕಕ್ಕೆ ಎಡೆಯಾಯಿತು.

ಸಂಸ್ಕಾರಗಳು ಏಳು ಎಂಬ ಗಣನೆ ಬಹಳ ತಡವಾಗಿ ಸ್ಥಿರವಾಯಿತು. ಹಿಂದೆ ಪೀಟರ್ ಡೇಮಿಯನ್ನನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಒಂದು ಪ್ರವಚನದಲ್ಲಿ ಹನ್ನೆರಡು ಸಂಸ್ಕಾರಗಳ ಪಟ್ಟಿಯಿದ್ದು, ಅದರಲ್ಲಿ ರಾಜರ ಅಭಿಷೇಕವೂ ಸೇರಿತ್ತು. ಪೀಟರ್ ಲೊಂಬಾರ್ಡನು ಹನ್ನೆರಡನೆಯ ಶತಮಾನದ ನಡುವೆ ರಚಿಸಿದ ‘ಸೆಂಟೆನ್ಸಸ್’ ಎಂಬ ಗ್ರಂಥದ ನಾಲ್ಕನೆಯ ಭಾಗದಲ್ಲಿ ಏಳನ್ನು ಮಾತ್ರ ಎಣಿಸಿದನು: ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ, ಪ್ರಾಯಶ್ಚಿತ್ತ, ಅಂತ್ಯಾಭ್ಯಂಗ, ಯಾಜಕದೀಕ್ಷೆ, ವಿವಾಹ. ಆತನ ಗ್ರಂಥವೇ ವಿಶ್ವವಿದ್ಯಾನಿಲಯಗಳ ಪಠ್ಯವಾದುದರಿಂದ ಈ ಸಂಖ್ಯೆ ನಿಂತಿತು. ೧೨೭೪ರ ಲಿಯೋನ್ ಧರ್ಮಸಭೆಯೂ ೧೪೩೯ರಲ್ಲಿ ಫ್ಲಾರೆನ್ಸಿನ ಧರ್ಮಸಭೆಯೂ ಇದನ್ನೇ ಅಂಗೀಕರಿಸಿದುವು. ಪಟ್ಟಿಯಿಂದ ರಾಜಾಭಿಷೇಕವು ಬಿದ್ದುಹೋಯಿತು, ವಿವಾಹವು ಉಳಿಯಿತು. ಅರಸನು ಎಷ್ಟೇ ಎಣ್ಣೆ ಹಚ್ಚಿಸಿಕೊಂಡರೂ ಯಾಜಕನಾಗದೆ ಸಾಮಾನ್ಯ ಭಕ್ತನಾಗಿಯೇ ಉಳಿದನು. ಹಳ್ಳಿಯ ಆಳುಮಗನ ಮದುವೆಯಾದರೋ ದೈವಾನುಗ್ರಹದ ಸಾಧನವಾಯಿತು.

೨. ೧೨೧೫ರ ಶಾಸನ

ಮೂರನೆಯ ಇನೊಸೆಂಟ್ ಪೋಪನು ೧೨೧೫ರ ನವೆಂಬರಿನಲ್ಲಿ ರೋಮಿನ ಲ್ಯಾಟರನ್ ಅರಮನೆಯಲ್ಲಿ ಧರ್ಮಸಭೆಯನ್ನು ಕೂಡಿಸಿದನು. ನಾನೂರಕ್ಕೂ ಹೆಚ್ಚು ಬಿಷಪ್ಪರು ನೆರೆದಿದ್ದ ಆ ಸಭೆ ೭೧ ವಿಧಿಗಳನ್ನು ಹೊರಡಿಸಿತು. ಅವುಗಳಲ್ಲಿ ಇಪ್ಪತ್ತೊಂದನೆಯದು ಜನಜೀವನವನ್ನು ಎಲ್ಲಕ್ಕಿಂತ ಆಳವಾಗಿ ಮುಟ್ಟಿತು. ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬ ಸ್ತ್ರೀಯೂ ಪುರುಷನೂ ವರ್ಷಕ್ಕೊಮ್ಮೆಯಾದರೂ ತನ್ನ ಪ್ಯಾರಿಷ್ಷಿನ ಪಾದ್ರಿಗೆ ಪಾಪಗಳನ್ನು ನಿವೇದಿಸಿ, ಈಸ್ಟರ್ ಹಬ್ಬದಲ್ಲಿ ಪರಮಪ್ರಸಾದವನ್ನು ಸ್ವೀಕರಿಸಬೇಕು. ತಪ್ಪಿದವರಿಗೆ ಬದುಕಿರುವಾಗ ಚರ್ಚಿನ ಪ್ರವೇಶವಿಲ್ಲ, ಸತ್ತ ಮೇಲೆ ಕ್ರೈಸ್ತ ವಿಧಿಯಿಂದ ಹೂಳುವಂತಿಲ್ಲ ಎಂದು ಅದು ವಿಧಿಸಿತು.

ಲೀಯ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಒಂದು ಖಂಡದ ಜನರೆಲ್ಲರೂ ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿಯ ಮುಂದೆ ಮಂಡಿಯೂರಿ ತಮ್ಮ ಗುಟ್ಟುಗಳನ್ನು ಹೇಳಬೇಕಾಯಿತು. ಪಾದ್ರಿಗಳಿಗಾಗಿ ಕೈಪಿಡಿಗಳು ರಚಿತವಾದುವು. ವರ್ತಕನನ್ನು ಬಡ್ಡಿ ಮತ್ತು ಕಳ್ಳತೂಕಗಳ ವಿಷಯವಾಗಿಯೂ, ನ್ಯಾಯಾಧಿಪತಿಯನ್ನು ಲಂಚದ ವಿಷಯವಾಗಿಯೂ, ಹೀಗೆ ವೃತ್ತಿಗೆ ತಕ್ಕ ಪ್ರಶ್ನೆಗಳನ್ನು ಕೇಳಬೇಕೆಂದು ಅವು ಬೋಧಿಸಿದುವು. ಆದರೆ ಅದೇ ಇಪ್ಪತ್ತೊಂದನೆಯ ವಿಧಿಯ ಉತ್ತರಾರ್ಧವನ್ನೂ ಓದಬೇಕು. ಕೇಳಿದ ಗುಟ್ಟನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಗೆಡಹಿದ ಪಾದ್ರಿಯನ್ನು ಪದಚ್ಯುತಗೊಳಿಸಿ, ಜೀವಾವಧಿ ಪ್ರಾಯಶ್ಚಿತ್ತಕ್ಕಾಗಿ ಕಟ್ಟುನಿಟ್ಟಾದ ಮಠವೊಂದರಲ್ಲಿ ಇಡಬೇಕೆಂದು ಅಲ್ಲಿ ಹೇಳಿದೆ. ಹೇಳುವವನ ಮೇಲೆ ಹೊರಿಸಿದ ಹೊಣೆಗೆ ಸರಿಸಮನಾದ ಹೊಣೆಯನ್ನು ಕೇಳುವವನ ಮೇಲೂ ಶಾಸನವು ಹೊರಿಸಿತು.

ಪ್ರಾಯಶ್ಚಿತ್ತಕ್ಕೆ ಸಾಮಾಜಿಕವಾದ ಇನ್ನೊಂದು ಮುಖವೂ ಇದ್ದಿತು. ಕದ್ದುದನ್ನು ಹಿಂದಿರುಗಿಸದೆ, ವೈರವನ್ನು ಬಿಡದೆ ಪಾಪವಿಮೋಚನೆಯಿಲ್ಲ ಎಂಬುದು ನಿಯಮ. ಈಸ್ಟರಿಗೆ ಮುನ್ನ ನೆರೆಹೊರೆಯವರು ರಾಜಿಯಾಗಬೇಕಾಗಿತ್ತು. ನಾವು ಚಿತ್ರಗಳಲ್ಲಿ ಕಾಣುವ ಮುಚ್ಚಿದ ನಿವೇದನಾಪೀಠವು ಹದಿನಾರನೆಯ ಶತಮಾನದ ಏರ್ಪಾಡು. ಮಧ್ಯಯುಗದಲ್ಲಿ ನಿವೇದನೆ ನಡೆಯುತ್ತಿದ್ದುದು ಚರ್ಚಿನ ತೆರೆದ ಅಂಗಳದಲ್ಲಿ. ಮಾತು ಕೇಳಿಸದಷ್ಟು ದೂರದಲ್ಲಿ, ಆದರೆ ಎಲ್ಲರ ಕಣ್ಣೆದುರಿಗೆ. ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಮತ್ತು ಡೊಮಿನಿಕನ್ ಸನ್ಯಾಸಿಗಳು ಊರೂರು ಸಂಚರಿಸತೊಡಗಿದಾಗ ಬಹುಮಂದಿ ತಮ್ಮ ಪಾದ್ರಿಯನ್ನು ಬಿಟ್ಟು ಅವರ ಬಳಿಗೆ ಹೋದರು. ಈ ಬಗ್ಗೆ ಎದ್ದ ಜಗಳವನ್ನು ತೀರಿಸಲು ಎಂಟನೆಯ ಬೋನಿಫೇಸ್ ಪೋಪನು ೧೩೦೦ರಲ್ಲಿ ವಿಶೇಷಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಡ್ಡಾಯದ ಒಳಗೆಯೂ ಜನರು ಆಯ್ಕೆಯ ದಾರಿಯನ್ನು ಕಂಡುಕೊಂಡಿದ್ದರೆಂಬುದು ಇದರಿಂದ ವೇದ್ಯವಾಗುತ್ತದೆ.

೩. ಸೂಲಗಿತ್ತಿಯ ಕೈಯಲ್ಲಿ ದೀಕ್ಷೆ

ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುವಿಗೆ ಸ್ವರ್ಗವಿಲ್ಲ. ಪವಿತ್ರ ಭೂಮಿಯಲ್ಲಿ ಅದಕ್ಕೆ ಸಮಾಧಿಯೂ ಇಲ್ಲ. ಹುಟ್ಟಿದ ಮಕ್ಕಳಲ್ಲಿ ಅನೇಕರು ಸಾಯುತ್ತಿದ್ದ ಆ ಕಾಲದಲ್ಲಿ ಈ ನಿಯಮ ತಾಯಂದಿರಿಗೆ ಎಂತಹ ಭೀತಿಯನ್ನು ತಂದಿರಬೇಕೆಂಬುದನ್ನು ಊಹಿಸಬಹುದು. ಈ ಕಾಠಿನ್ಯದ ಬೆನ್ನಿಗೇ ಒಂದು ಉದಾರ ವಿಧಿ ಬೆಳೆಯಿತು. ಮಗುವಿನ ಪ್ರಾಣಕ್ಕೆ ಅಪಾಯವಿದ್ದಾಗ ಯಾರಾದರೂ ದೀಕ್ಷೆ ಕೊಡಬಹುದು. ಕೊಡುವವಳು ಹೆಂಗಸಾದರೂ ಸರಿಯೆ. ೧೪೩೯ರ ಫ್ಲಾರೆನ್ಸ್ ಶಾಸನದ ಪ್ರಕಾರ ಅನ್ಯಮತೀಯನಾದರೂ ಸರಿಯೆ. ನೀರಿರಬೇಕು, ನಿಯತವಾದ ವಾಕ್ಯವನ್ನು ನುಡಿಯಬೇಕು, ಚರ್ಚು ಮಾಡುವುದನ್ನೇ ಮಾಡುವ ಸಂಕಲ್ಪವಿರಬೇಕು, ಅಷ್ಟೆ.

ಆದುದರಿಂದ ಪಾದ್ರಿಗಳು ಈ ವಾಕ್ಯವನ್ನು ಜನರಿಗೆ ಅವರ ಮಾತಿನಲ್ಲಿಯೇ ಕಲಿಸಬೇಕಾಯಿತು. ಇಂಗ್ಲೆಂಡಿನ ಜಾನ್ ಮರ್ಕ್ ಸುಮಾರು ೧೪೦೦ರಲ್ಲಿ ಹಳ್ಳಿಯ ಪಾದ್ರಿಗಳಿಗಾಗಿ ಇಂಗ್ಲಿಷ್ ಪದ್ಯದಲ್ಲಿ ಬರೆದ ಕೈಪಿಡಿಯಲ್ಲಿ ಸೂಲಗಿತ್ತಿಯರಿಗೆ ಇದನ್ನು ಬೋಧಿಸುವ ಕ್ರಮವಿದೆ. ಚರ್ಚಿನಲ್ಲಿ ಬಾಯ್ತೆರೆದು ಬೋಧಿಸುವ ಹಕ್ಕಿಲ್ಲದಿದ್ದ ಓದುಬರಹವರಿಯದ ಹೆಂಗಸು, ಏಳು ಸಂಸ್ಕಾರಗಳಲ್ಲಿ ಮೊದಲನೆಯದನ್ನು, ಉಳಿದೆಲ್ಲಕ್ಕೂ ಬಾಗಿಲಾದುದನ್ನು, ಬಾಣಂತಿಯ ಕೋಣೆಯಲ್ಲಿ ನೆರವೇರಿಸಿದಳು. ಅವಳು ಕೊಟ್ಟ ದೀಕ್ಷೆಯನ್ನು ಬಿಷಪ್ಪನೂ ಅಳಿಸುವಂತಿರಲಿಲ್ಲ.

೪. ಸಮ್ಮತಿಯೇ ವಿವಾಹ

ಸಂಸ್ಕಾರಸಿದ್ಧಾಂತದ ಸಾಮಾಜಿಕ ಪರಿಣಾಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ವಿವಾಹದಲ್ಲಿ. ಮೂರನೆಯ ಅಲೆಕ್ಸಾಂಡರ್ ಪೋಪನ (೧೧೫೯–೮೧) ತೀರ್ಪುಗಳಿಂದ ಒಂದು ನಿಯಮ ಪಶ್ಚಿಮ ಯೂರೋಪಿನಲ್ಲೆಲ್ಲಾ ನೆಲೆಗೊಂಡಿತು. ಹದಿನಾಲ್ಕು ವರ್ಷ ತುಂಬಿದ ಹುಡುಗನೂ ಹನ್ನೆರಡು ತುಂಬಿದ ಹುಡುಗಿಯೂ ‘ಈಗ ನಿನ್ನನ್ನು ವರಿಸುತ್ತೇನೆ’ ಎಂಬರ್ಥದ ಮಾತನ್ನು ಪರಸ್ಪರ ಆಡಿದರೆ ಮದುವೆ ಆಯಿತು. ‘ಮುಂದೆ ವರಿಸುವೆನು’ ಎಂದು ಮಾತುಕೊಟ್ಟು ಕೂಡಿದರೂ ಆಯಿತು. ತಂದೆತಾಯಿಗಳ ಒಪ್ಪಿಗೆ, ಒಡೆಯನ ಅನುಮತಿ, ಪಾದ್ರಿಯ ಆಶೀರ್ವಾದ, ಸಾಕ್ಷಿಗಳು, ವರದಕ್ಷಿಣೆ, ಇವಾವುವೂ ಮದುವೆಯ ಸಿಂಧುತ್ವಕ್ಕೆ ಅಗತ್ಯವಲ್ಲ. ೧೨೧೫ರ ಧರ್ಮಸಭೆಯು ಗುಟ್ಟಿನ ಮದುವೆಯನ್ನು ನಿಷೇಧಿಸಿ, ಮದುವೆಯನ್ನು ಮುಂಚಿತವಾಗಿ ಚರ್ಚಿನಲ್ಲಿ ಸಾರಬೇಕೆಂದು ವಿಧಿಸಿತು. ಆದರೆ ಗುಟ್ಟಿನಲ್ಲಿ ಆದವರು ಪ್ರಾಯಶ್ಚಿತ್ತಕ್ಕೆ ಗುರಿಯಾದರೇ ಹೊರತು, ಅವರ ಮದುವೆ ಅಸಿಂಧುವಾಗಲಿಲ್ಲ.

ಮದುವೆಯೆಂದರೆ ಆಸ್ತಿಯ ವ್ಯವಹಾರವಾಗಿದ್ದ ಸಮಾಜದಲ್ಲಿ ಇದು ಸಾಮಾನ್ಯವಾದ ಮಾತಲ್ಲ. ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಪ್ಯಾಸ್ಟನ್ ಮನೆತನದ ಪತ್ರಗಳಲ್ಲಿ ಇದಕ್ಕೆ ಒಂದು ಮನೋಜ್ಞವಾದ ನಿದರ್ಶನ ದೊರೆಯುತ್ತದೆ. ಜಮೀನುದಾರರಾದ ಆ ಮನೆತನದ ಮಗಳು ಮಾರ್ಜರಿ ಪ್ಯಾಸ್ಟನ್ ಮನೆಯ ಪಾರುಪತ್ಯಗಾರ ರಿಚರ್ಡ್ ಕ್ಯಾಲ್ ಎಂಬುವನಿಗೆ ಗುಟ್ಟಾಗಿ ಮಾತು ಕೊಟ್ಟಿದ್ದಳು. ಸಂಗತಿ ಹೊರಬಿದ್ದಾಗ ಮನೆಯವರು ಕೆರಳಿದರು. ತನ್ನ ತಂಗಿ ಫ್ರಾಮ್ಲಿಂಗ್‌ಹ್ಯಾಮಿನಲ್ಲಿ ಮೇಣದ ಬತ್ತಿ ಸಾಸಿವೆಗಳನ್ನು ಮಾರುವಂತಾಗಲು ತಾನು ಎಂದಿಗೂ ಒಪ್ಪೆನೆಂದು ಅವಳ ಅಣ್ಣ ಬರೆದನು. ೧೪೬೯ರಲ್ಲಿ ನಾರಿಚ್ಚಿನ ಬಿಷಪ್ ಅವಳನ್ನು ಕರೆಸಿ, ಅವಳ ಕುಲವನ್ನೂ ಬಂಧುಬಳಗವನ್ನೂ ನೆನಪಿಸಿ, ಆಡಿದ ಮಾತು ಯಾವುದೆಂದು ಕೇಳಿದನು. ಅವಳು ಹೇಳಿದಳು, ಆ ಮಾತು ಸಾಲದಾಗಿದ್ದರೆ ಅಲ್ಲಿಂದ ಹೊರಡುವ ಮೊದಲೇ ಅದನ್ನು ಇನ್ನಷ್ಟು ಭದ್ರಪಡಿಸುವೆನೆಂದೂ ಸೇರಿಸಿದಳು. ಕ್ಯಾಲನನ್ನು ಬೇರೆಯಾಗಿ ವಿಚಾರಿಸಿದಾಗ ಇಬ್ಬರ ಹೇಳಿಕೆಗಳೂ ಹೊಂದಿದುವು.

ತಾಯಿ ಮಾರ್ಗರೆಟ್ ಮಗಳಿಗೆ ಮನೆಯ ಬಾಗಿಲನ್ನು ಮುಚ್ಚಿದಳು. ಬಿಷಪ್ಪನೇ ಅವಳಿಗೆ ತಂಗಲು ಬೇರೆ ಎಡೆಯನ್ನು ಒದಗಿಸಬೇಕಾಯಿತು. ಬಿಷಪ್ಪನ ಸಹಾನುಭೂತಿ ಮನೆಯವರ ಕಡೆಗಿತ್ತು. ಅವನು ತೀರ್ಪನ್ನು ಮುಂದೂಡಿದನು ಕೂಡ. ಆದರೆ ಸಂಸ್ಕಾರದ ನಿಯಮವನ್ನು ಮೀರುವಂತಿರಲಿಲ್ಲ. ಮದುವೆ ಉಳಿಯಿತು. ಮುಂದೆ ೧೪೮೨ರಲ್ಲಿ ಮಾರ್ಗರೆಟ್ ಬರೆಸಿದ ಮರಣಶಾಸನದಲ್ಲಿ ಮಾರ್ಜರಿಯ ಹಿರಿಯ ಮಗನಿಗೆ ೨೦ ಪೌಂಡುಗಳ ದತ್ತಿಯಿದೆ. ಕುಲ, ಧನ, ಬಿಷಪ್ಪನ ಸ್ನೇಹ ಎಲ್ಲವೂ ಒಂದು ಕಡೆಗಿದ್ದು, ಒಬ್ಬ ಹೆಣ್ಣುಮಗಳ ಬಾಯಿಮಾತು ಇನ್ನೊಂದು ಕಡೆಗಿದ್ದಾಗ, ಬಾಯಿಮಾತೇ ಗೆದ್ದಿತು.

ಈ ನಿಯಮದ ಕೆಡುಕನ್ನೂ ಮುಚ್ಚಿಡಬಾರದು. ಸಾಕ್ಷಿಯಿಲ್ಲದೆ ಕೊಟ್ಟ ಮಾತನ್ನು ಗಂಡಸು ಅಲ್ಲಗಳೆದರೆ ಹೆಣ್ಣಿಗೆ ನ್ಯಾಯ ದೊರಕುವುದು ಕಷ್ಟವಾಗಿತ್ತು. ಇಂಗ್ಲೆಂಡಿನ ಚರ್ಚುನ್ಯಾಯಾಲಯಗಳ ದಾಖಲೆಗಳಲ್ಲಿ ವಿವಾಹವ್ಯಾಜ್ಯಗಳ ಬಹುಭಾಗ ಇಂತಹ ಮಾತನ್ನು ಸಾಧಿಸಿಕೊಳ್ಳಲು ಹೂಡಿದವು.

೫. ಪರಮಪ್ರಸಾದ: ಕೂಡಿಸಿದುದು, ಹೊರಗಿಟ್ಟುದು

ಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳು ತೋರಿಕೆಯಲ್ಲಿ ಹಾಗೆಯೇ ಉಳಿದು, ತತ್ತ್ವದಲ್ಲಿ ಕ್ರಿಸ್ತನ ದೇಹ ರಕ್ತಗಳಾಗುವುವೆಂದು ೧೨೧೫ರ ಮೊದಲನೆಯ ವಿಧಿ ಸಾರಿತು. ಜನರು ಪ್ರಸಾದವನ್ನು ಸ್ವೀಕರಿಸುತ್ತಿದ್ದುದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಆದರೆ ಪಾದ್ರಿ ಅದನ್ನು ಮೇಲೆತ್ತಿ ತೋರಿಸುವಾಗ ದರ್ಶನ ಮಾಡುತ್ತಿದ್ದುದು ಮತ್ತೆ ಮತ್ತೆ. ಲಿಯೇಜಿನ ಜೂಲಿಯಾನಾ ಎಂಬ ಸನ್ಯಾಸಿನಿಯ ಪ್ರೇರಣೆಯಿಂದ ೧೨೪೬ರಲ್ಲಿ ಆ ಪ್ರಾಂತದಲ್ಲಿ ಪರಮಪ್ರಸಾದದ ಉತ್ಸವವು ಆರಂಭವಾಯಿತು. ೧೨೬೪ರಲ್ಲಿ ನಾಲ್ಕನೆಯ ಅರ್ಬನ್ ಪೋಪನು ಅದನ್ನು ಎಲ್ಲ ಕಡೆಗೂ ವಿಸ್ತರಿಸಿದನು. ೧೩೧೭ರಿಂದೀಚೆಗೆ ಅದು ವ್ಯಾಪಕವಾಗಿ ಹಬ್ಬಿತು. ಯಾರ್ಕ್ ನಗರದಲ್ಲಿ ಈ ಹಬ್ಬದ ದಿನ ಕಸಬುದಾರರ ಸಂಘಗಳು ಬಂಡಿಗಳ ಮೇಲೆ ಪವಿತ್ರ ನಾಟಕಗಳನ್ನು ಆಡುತ್ತಿದ್ದುವು. ಹಡಗು ಕಟ್ಟುವವರು ನೋವನ ನಾವೆಯ ಕಥೆಯನ್ನೂ, ರೊಟ್ಟಿ ಸುಡುವವರು ಕ್ರಿಸ್ತನ ಕಡೆಯ ಭೋಜನವನ್ನೂ ತೋರಿಸಿದರು. ಒಂದು ಊರು ತಾನು ಒಂದೇ ದೇಹವೆಂದು ವರ್ಷಕ್ಕೊಮ್ಮೆ ಕಂಡುಕೊಳ್ಳುತ್ತಿದ್ದುದು ಹೀಗೆ.

ಆದರೆ ಒಂದೇ ದೇಹವೆಂಬ ಭಾವನೆಯು ಆ ದೇಹಕ್ಕೆ ಹೊರಗಿನವರನ್ನೂ ಗುರುತಿಸಿತು. ಯೆಹೂದ್ಯರು ಪ್ರಸಾದವನ್ನು ಕದ್ದು ಹಿಂಸಿಸುವರೆಂಬ ಸುಳ್ಳು ಅಪವಾದ ೧೨೯೦ರಲ್ಲಿ ಪ್ಯಾರಿಸ್ಸಿನಲ್ಲಿ ಕೇಳಿಬಂದಿತು. ೧೨೯೮ರಲ್ಲಿ ಜರ್ಮನಿಯ ರೋಟಿಂಗೆನ್ನಿನಲ್ಲಿ ಇದೇ ಅಪವಾದದಿಂದ ಹೊತ್ತಿಕೊಂಡ ಹತ್ಯಾಕಾಂಡದಲ್ಲಿ ಸಾವಿರಾರು ಯೆಹೂದ್ಯರು ಹತರಾದರು. ಡೆಗೆಂಡಾರ್ಫಿನಲ್ಲಿ ೧೩೩೮ರಲ್ಲಿ ಯೆಹೂದ್ಯರನ್ನು ಕೊಂದ ಮೇಲೆ, ಆ ಕೃತ್ಯವನ್ನು ಸಮರ್ಥಿಸುವ ಪ್ರಸಾದದ ಕಥೆ ಹುಟ್ಟಿ, ಅದರ ಹೆಸರಿನಲ್ಲಿ ನಡೆಯುತ್ತಿದ್ದ ಯಾತ್ರೆ ೧೯೯೨ರಲ್ಲಿ ಮಾತ್ರ ನಿಂತಿತು. ಸಂಸ್ಕಾರವು ಹಕ್ಕನ್ನು ಕೊಟ್ಟಿತೆಂದು ಹೇಳುವಾಗ ಅದು ಯಾರಿಗೆ ಕೊಟ್ಟಿತು, ಯಾರಿಗೆ ಕೊಡಲಿಲ್ಲ ಎಂಬುದನ್ನು ಚರಿತ್ರಕಾರನು ಹೇಳಲೇಬೇಕು.

ಒಳಗಿನವರಲ್ಲಿಯೂ ಎಲ್ಲರ ಮನಸ್ಸು ನಿಶ್ಚಿಂತವಾಗಿರಲಿಲ್ಲ. ದಕ್ಷಿಣ ಫ್ರಾನ್ಸಿನ ಪಾಮಿಯೆಯ ಬಿಷಪ್ ಜಾಕ್ ಫೂರ್ನಿಯೆಯ (ಮುಂದೆ ಹನ್ನೆರಡನೆಯ ಬೆನೆಡಿಕ್ಟ್ ಪೋಪ್) ವಿಚಾರಣೆಯ ದಾಖಲೆಯಲ್ಲಿ ಮೆರ್ವಿಯೆಲ್ಲಿನ ಓಡ್ ಫೋರೆ ಎಂಬ ಗೃಹಿಣಿಯ ಹೇಳಿಕೆಯಿದೆ. ಬೀದಿಯಲ್ಲಿ ಒಬ್ಬ ಹೆಂಗಸು ಹೆತ್ತಳೆಂಬ ಸುದ್ದಿಯನ್ನು ಕೇಳಿದಂದಿನಿಂದ, ಪಾದ್ರಿ ಪ್ರಸಾದವನ್ನು ಮೇಲೆತ್ತಿದಾಗಲೆಲ್ಲ ಅವಳಿಗೆ ಹೆರಿಗೆಯ ಮೈಲಿಗೆಯೇ ನೆನಪಾಗಿ, ಕ್ರಿಸ್ತನ ದೇಹ ಅಲ್ಲಿರುವುದೆಂದು ನಂಬಲಾಗದೆ ಹೋಯಿತು. ಬಿಷಪ್ ಅವಳಿಗೆ ಪ್ರಾಯಶ್ಚಿತ್ತವನ್ನು ವಿಧಿಸಿ ಬಿಟ್ಟನು. ಸಿದ್ಧಾಂತವು ಹಳ್ಳಿಯ ಹೆಂಗಸಿನ ಅನುಭವದ ಮೂಲಕ ಹಾದುಹೋದಾಗ ಯಾವ ರೂಪವನ್ನು ತಾಳುತ್ತಿತ್ತೆಂಬುದಕ್ಕೆ ಇಂತಹ ಸಾಕ್ಷ್ಯಗಳು ವಿರಳ.

೬. ನಿಷೇಧವೂ ಅದರ ಮೇರೆಯೂ

ಸಂಸ್ಕಾರಗಳನ್ನು ಆಯುಧವಾಗಿ ಬಳಸಿದ ಪ್ರಸಂಗಗಳಲ್ಲಿ ಇಂಗ್ಲೆಂಡಿನ ಜಾನ್ ದೊರೆಯದು ಪ್ರಸಿದ್ಧವಾದುದು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾಗಿ ಸ್ಟೀಫನ್ ಲ್ಯಾಂಗ್ಟನ್ನನನ್ನು ದೊರೆ ಒಪ್ಪದಿದ್ದುದರಿಂದ ಮೂರನೆಯ ಇನೊಸೆಂಟನು ೧೨೦೮ರ ಮಾರ್ಚಿನಲ್ಲಿ ಇಡೀ ರಾಜ್ಯದ ಮೇಲೆ ಸಂಸ್ಕಾರನಿಷೇಧವನ್ನು ಹೇರಿದನು. ಅದು ೧೨೧೪ರ ಜುಲೈವರೆಗೆ, ಆರು ವರ್ಷಕ್ಕೂ ಮೀರಿ, ಜಾರಿಯಲ್ಲಿತ್ತು. ಜನರಿಗೆ ಪೂಜೆ ತಪ್ಪಿತು. ಸತ್ತವರನ್ನು ಪವಿತ್ರ ಭೂಮಿಯ ಹೊರಗೆ ಹೂಳಬೇಕಾಯಿತು. ಆದರೂ ಎರಡು ಸಂಸ್ಕಾರಗಳನ್ನು ಪೋಪನು ನಿಲ್ಲಿಸಲಾರದಾದನು: ಶಿಶುಗಳ ದೀಕ್ಷೆ ಮತ್ತು ಸಾಯುವವರ ಪಾಪನಿವೇದನೆ. ಪರಸ್ಪರ ಸಮ್ಮತಿಯೇ ವಿವಾಹವಾದುದರಿಂದ ಮದುವೆಗಳನ್ನು ತಡೆಯುವುದೂ ಸಾಧ್ಯವಿರಲಿಲ್ಲ.

ದೊರೆಯಾದರೋ ಚರ್ಚಿನ ಆಸ್ತಿಗಳನ್ನು ಜಫ್ತಿ ಮಾಡಿ ಬೊಕ್ಕಸವನ್ನು ತುಂಬಿಕೊಂಡನು. ೧೨೧೩ರಲ್ಲಿ ಅವನು ಶರಣಾಗಿ, ರಾಜ್ಯವನ್ನು ಪೋಪನಿಗೆ ಒಪ್ಪಿಸಿ ವರ್ಷಕ್ಕೆ ೧೦೦೦ ಮಾರ್ಕುಗಳ ಕಪ್ಪವನ್ನು ಒಪ್ಪಿಕೊಂಡುದು ಫ್ರೆಂಚರ ದಂಡಯಾತ್ರೆಯ ಭಯದಿಂದಲೇ ಹೊರತು ಪ್ರಜೆಗಳ ದಂಗೆಯಿಂದಲ್ಲ. ನಿಷೇಧದ ನೋವನ್ನುಂಡವರು ನಿರಪರಾಧಿಗಳು. ಈ ಅನ್ಯಾಯ ಚರ್ಚಿನವರಿಗೂ ಅರಿವಾಗದೆ ಇರಲಿಲ್ಲ. ೧೨೯೮ರ ಧರ್ಮಶಾಸನಸಂಗ್ರಹದಲ್ಲಿ ಎಂಟನೆಯ ಬೋನಿಫೇಸನು ನಿಷೇಧದ ಕಾಲದಲ್ಲಿಯೂ ಮುಚ್ಚಿದ ಬಾಗಿಲ ಹಿಂದೆ ಮೆಲುದನಿಯಲ್ಲಿ ಪೂಜೆ ನಡೆಸಲು, ಕ್ರಿಸ್ಮಸ್, ಈಸ್ಟರ್ ಮೊದಲಾದ ನಾಲ್ಕು ಮಹಾಹಬ್ಬಗಳಲ್ಲಿ ಬಾಗಿಲನ್ನು ತೆರೆಯಲು ಅನುಮತಿಯಿತ್ತನು.

ಸಿದ್ಧಾಂತಕ್ಕೆ ಕಠಿನತಮ ಪರೀಕ್ಷೆ ಬಂದುದು ಮಹಾಮಾರಿಯ ಕಾಲದಲ್ಲಿ. ಇಂಗ್ಲೆಂಡಿನ ಬಾತ್ ಮತ್ತು ವೆಲ್ಸ್ ಪ್ರಾಂತದಲ್ಲಿ ರೋಗಿಗಳ ಬಳಿಗೆ ಹೋಗುವ ಪಾದ್ರಿಗಳೇ ದೊರೆಯದಂತಾದರು. ಬಿಷಪ್ ರಾಲ್ಫ್ ೧೩೪೯ರ ಜನವರಿಯಲ್ಲಿ ಒಂದು ಪತ್ರವನ್ನು ಹೊರಡಿಸಿದನು. ಪಾದ್ರಿ ಸಿಕ್ಕದಿದ್ದರೆ ಸಾಯುವವನು ಯಾರಾದರೊಬ್ಬ ಸಾಮಾನ್ಯನ ಮುಂದೆ, ಗಂಡಸಿಲ್ಲದಿದ್ದರೆ ಹೆಂಗಸಿನ ಮುಂದೆಯಾದರೂ, ಪಾಪಗಳನ್ನು ನಿವೇದಿಸಬಹುದು. ಅಭ್ಯಂಗಕ್ಕೆ ಯಾರೂ ಇಲ್ಲದಿದ್ದರೆ ನಂಬಿಕೆಯೇ ಸಾಕು ಎಂದು ಅದರಲ್ಲಿ ಸಾರಲಾಯಿತು. ಕೇಳಿದ ಸಾಮಾನ್ಯನೂ ಗುಟ್ಟನ್ನು ಕಾಯಲು ಬದ್ಧನೆಂದೂ ತಿಳಿಸಲಾಯಿತು. ೧೨೧೫ರಲ್ಲಿ ಪಾದ್ರಿಗೆ ಮಾತ್ರ ಒಪ್ಪಿಸಿದ್ದ ಕಾರ್ಯವನ್ನು ನೆರೆಮನೆಯ ಹೆಂಗಸಿಗೂ ಒಪ್ಪಿಸಿದ ಈ ಪತ್ರ ಬಂಡಾಯಗಾರನದಲ್ಲ, ಅಧಿಕಾರಸ್ಥನಾದ ಬಿಷಪ್ಪನದು. ಅವನು ಹೊಸದೇನನ್ನೂ ಕಲ್ಪಿಸಲಿಲ್ಲ. ಅಗತ್ಯದ ಮುಂದೆ ಶಾಸನವು ಬಾಗಬೇಕೆಂಬ ಹಳೆಯ ತತ್ತ್ವವನ್ನೇ ಅನ್ವಯಿಸಿದನು.

೭. ಉಪಸಂಹಾರ

ಮೇಲಿನ ಸಂಗತಿಗಳನ್ನು ಒಟ್ಟಾಗಿ ಪರ್ಯಾಲೋಚಿಸಿದರೆ, ಸಂಸ್ಕಾರಗಳು ಪಾದ್ರಿಗಳ ಪ್ರಭುತ್ವದ ಸಾಧನವೆ, ಜನರ ಸ್ವಂತ ಸೊತ್ತೆ ಎಂಬ ಪ್ರಶ್ನೆಯನ್ನೇ ತುಸು ತಿದ್ದಬೇಕಾಗುತ್ತದೆ. ಅಧಿಕಾರವು ಒಂದು ಸಿದ್ಧಾಂತವನ್ನು ಆಶ್ರಯಿಸಿದಾಗ ಆ ಸಿದ್ಧಾಂತದ ತರ್ಕಕ್ಕೆ ತಾನೂ ಒಳಗಾಗಬೇಕಾಗುತ್ತದೆ. ದೀಕ್ಷೆಯಿಲ್ಲದೆ ಮುಕ್ತಿಯಿಲ್ಲವೆಂದು ಸಾರಿದ ಚರ್ಚು ದೀಕ್ಷೆಯನ್ನು ಸೂಲಗಿತ್ತಿಯ ಕೈಗೆ ಕೊಡಬೇಕಾಯಿತು. ವಿವಾಹವು ಸಂಸ್ಕಾರವೆಂದೂ ಸಮ್ಮತಿಯೇ ಅದರ ತಿರುಳೆಂದೂ ಸಾರಿದ ಚರ್ಚು ಮಾರ್ಜರಿ ಪ್ಯಾಸ್ಟನ್ನಳ ಮಾತನ್ನು ಎತ್ತಿಹಿಡಿಯಬೇಕಾಯಿತು.

ಮುಂದಿನ ಶತಮಾನಗಳ ಹೋರಾಟಗಳು ಸಂಸ್ಕಾರಗಳನ್ನೇ ಕೇಂದ್ರವಾಗಿ ಉಳ್ಳವಾದುದೂ ಇದರಿಂದಲೇ. ೧೪೧೪ರಲ್ಲಿ ಪ್ರಾಗಿನಲ್ಲಿ ದ್ರಾಕ್ಷಾರಸದ ಪಾತ್ರೆಯನ್ನು ಜನಸಾಮಾನ್ಯರಿಗೂ ನೀಡತೊಡಗಿದರು. ಮರುವರ್ಷ ಕಾನ್‌ಸ್ಟನ್ಸಿನ ಧರ್ಮಸಭೆ ಅದನ್ನು ನಿಷೇಧಿಸಿತು. ಆ ಪಾತ್ರೆಯೇ ಹುಸ್ ಪಂಥದವರ ಧ್ವಜದ ಲಾಂಛನವಾಯಿತು. ೧೫೨೦ರಲ್ಲಿ ಲೂಥರನು ಏಳು ಸಂಸ್ಕಾರಗಳ ಗಣನೆಯನ್ನೇ ಪ್ರಶ್ನಿಸಿದನು. ೧೫೬೩ರಲ್ಲಿ ಟ್ರೆಂಟ್ ಧರ್ಮಸಭೆಯು ಪ್ಯಾರಿಷ್ ಪಾದ್ರಿಯೂ ಸಾಕ್ಷಿಗಳೂ ಇಲ್ಲದ ಮದುವೆಯನ್ನು ಅಸಿಂಧುವೆಂದು ಸಾರಿತು. ಹುಡುಗಿಯರನ್ನು ವಂಚಕರಿಂದ ಕಾಪಾಡಲು ಈ ಸುಧಾರಣೆ ಅಗತ್ಯವಾಗಿತ್ತೆಂದು ಹಲವರು ಒಪ್ಪುವರು. ಆದರೆ ಅದರೊಂದಿಗೆ, ಯಾರ ಅನುಮತಿಯನ್ನೂ ಕೇಳದೆ ಇಬ್ಬರು ಸೇರಿ ಒಂದು ಸಂಸ್ಕಾರವನ್ನು ನಡೆಸಬಹುದಾಗಿದ್ದ, ನಾಲ್ಕು ಶತಮಾನಗಳ ಹಳೆಯ ಸ್ವಾತಂತ್ರ್ಯವೂ ಟ್ರೆಂಟಿನ ಶಾಸನ ಜಾರಿಗೆ ಬಂದ ನಾಡುಗಳಲ್ಲಿ ಕೊನೆಗೊಂಡಿತು. ಮಧ್ಯಯುಗವನ್ನು ಅಧಿಕಾರದ ಯುಗವೆಂದೂ ಅದರ ಮುಂದಿನದನ್ನು ಸ್ವಾತಂತ್ರ್ಯದ ಯುಗವೆಂದೂ ಸುಲಭವಾಗಿ ವಿಂಗಡಿಸುವ ಪಠ್ಯಪುಸ್ತಕಗಳನ್ನು ಓದುವಾಗ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.